ಹಸಿಸೊಪ್ಪು ಹಿಡಿದವರು

ಬಂಡೀಪುರದಲ್ಲಿ ಕಾಡುಬೆಂಕಿ ಆರಿಸಲು ಇವತ್ತಿಗೂ ಮೊದಲು ಕೈಗೆ ಬರುವುದು ಹಸಿಸೊಪ್ಪು. ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರ್ ಬಂದಿದೆ, ತರಗು ಹಾರಿಸುವ ಬ್ಲೋಯರ್ ಬಂದಿದೆ, ಜೀಪಿನ ಮೇಲೆ ನೀರಿನ ಟ್ಯಾಂಕ್ ಕೂತಿದೆ. ಜೀಪು ಹತ್ತದ ಗುಡ್ಡದಲ್ಲಿ ಎಲೆ ತುಂಬಿದ ಕೊಂಬೆಯೇ ಗತಿ. ಅದನ್ನು ಹುಡುಕುವುದೂ ಒಂದು ಕೆಲಸ. ಫೆಬ್ರವರಿ ಹೊತ್ತಿಗೆ ದಿಂಡಿಗ, ತೇಗ, ಮತ್ತಿ ಎಲ್ಲ ಎಲೆ ಕಳಚಿಕೊಂಡು ನಿಂತಿರುತ್ತವೆ. ಹಸಿರು ಉಳಿದಿರುವುದು ಹಳ್ಳದ ದಂಡೆಯ ಹೊಂಗೆ, ನೇರಳೆಯಲ್ಲಿ. ಅಲ್ಲಿಗೆ ಇಳಿದು, ಮುರಿದುಕೊಂಡು, ಮತ್ತೆ ಹತ್ತಬೇಕು. ನಾಲ್ಕು ಬಡಿತಕ್ಕೆ ಸೊಪ್ಪು ಬಾಡುತ್ತದೆ, ಕೊಂಬೆ ಬರಲಾಗುತ್ತದೆ. ಮತ್ತೆ ಇಳಿಯಬೇಕು.

ನಮ್ಮಪ್ಪ ಹಂಗಳದ ಕಡೆ ಫೈರ್ ವಾಚರ್ ಆಗಿದ್ದ. ಸಂಕ್ರಾಂತಿ ಕಳೆದರೆ ಕೆಲಸ ಶುರು, ಮಳೆ ಹಿಡಿದರೆ ಮುಗಿಯಿತು, ದಿನಗೂಲಿ. ನಾನು ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾದೆ, ಆದರೆ ಬೆಂಕಿಯ ಮುಂದೆ ಹೇಗೆ ನಿಲ್ಲಬೇಕೆಂಬುದನ್ನು ಅವನಿಂದಲೇ ಕಲಿತದ್ದು. "ಬೆಂಕಿ ಎದ್ರುಗೆ ಓಗ್ಬೇಡ ಕನ ಮಗ, ಪಕ್ಕದಲ್ಲಿ ಓಗು" ಅನ್ನುತ್ತಿದ್ದ. ಸುಟ್ಟು ಕರಿಯಾದ ನೆಲದ ಮೇಲೆ ನಿಂತು, ಬೆಂಕಿಯ ಬಾಲದಿಂದ ಶುರುಮಾಡಿ, ಎರಡೂ ಪಕ್ಕ ಒತ್ತಿಕೊಂಡು ತಲೆಯ ಕಡೆಗೆ ಹೋಗಬೇಕು. ಸೊಪ್ಪನ್ನು ಎತ್ತರಕ್ಕೆ ಬೀಸಿದರೆ ಕಿಡಿ ಹಾರಿ ಬೆನ್ನ ಹಿಂದೆ ಇನ್ನೊಂದು ಬೆಂಕಿ ಹುಟ್ಟುತ್ತದೆ. ಬಡಿದ ಜಾಗದಲ್ಲೇ ಒತ್ತಿ ಹಿಡಿಯಬೇಕು. ಮಧ್ಯಾಹ್ನದ ಗಾಳಿಯಲ್ಲಿ ಬಡಿದಾಡಿ ದಣಿಯುವುದಕ್ಕಿಂತ ಗಾಳಿ ಬೀಳುವ ಹೊತ್ತನ್ನು, ಬೆಳಗಿನ ಜಾವದ ತಂಪನ್ನು ನೋಡಿಕೊಂಡು ಇಳಿಯುವುದು ಲೇಸು. ಆರಿತು ಅನ್ನಿಸಿದ ಮೇಲೂ ಕೆಲಸ ಇರುತ್ತದೆ. ಒಣಗಿದ ಆನೆ ಲದ್ದಿ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಉರಿಯುವ ಬಿದಿರ ಗಳ ಇಳಿಜಾರಿನಲ್ಲಿ ಉರುಳಿ, ಬೆಂಕಿ ತಡೆಯಲೆಂದು ಹುಲ್ಲು ತೆಗೆದ ಫೈರ್ ಲೈನ್ ದಾಟುತ್ತದೆ. ಇವನ್ನೆಲ್ಲ ಹುಡುಕಿ ಮಣ್ಣು ಮುಚ್ಚಿ ಬರುವವನಿಗೆ ಯಾರೂ ಫೋಟೋ ತೆಗೆಯುವುದಿಲ್ಲ. ಕಾಡು ಉಳಿಯುವುದು ಮಾತ್ರ ಅವನಿಂದಲೇ.

2019ರ ಫೆಬ್ರವರಿಯಲ್ಲಿ ಈ ವಿದ್ಯೆ ಪಟ್ಟಣದವರ ಕೈಗೂ ಬಂತು. ತಿಂಗಳ ಮೂರನೇ ವಾರದಲ್ಲಿ ಹೊತ್ತಿಕೊಂಡ ಬೆಂಕಿ 23ರ ಶನಿವಾರ ಗಾಳಿಗೆ ಎದ್ದು ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳನ್ನು, ಕುಂದಕೆರೆ ಕಡೆಯ ಕಾಡನ್ನು ಹಿಡಿಯಿತು. ಅದೇ ದಿನ ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಸುಮಾರು 300 ಕಾರುಗಳು ಸುಟ್ಟುಹೋದವು. ಟೀವಿಗಳ ಕಣ್ಣು ಮೊದಲು ಅತ್ತ ಇತ್ತು. 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ಬಕೆಟ್ಟಿನಲ್ಲಿ ನೀರು ಸುರಿದವು. ಉಪಗ್ರಹ ಚಿತ್ರ ನೋಡಿ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹಾಕಿದ ಲೆಕ್ಕದಂತೆ ಸುಟ್ಟದ್ದು ಸುಮಾರು 10,900 ಎಕರೆ.

ಹೆಲಿಕಾಪ್ಟರ್ ಬರುವ ಮೊದಲೇ ಜನ ಬಂದಿದ್ದರು. ಮೈಸೂರಿನಿಂದ, ಬೆಂಗಳೂರಿನಿಂದ, ಚಾಮರಾಜನಗರದಿಂದ, ನಮ್ಮ ಗುಂಡ್ಲುಪೇಟೆಯಿಂದಲೇ. ಕಾಲೇಜು ಹುಡುಗರು, ಕಂಪ್ಯೂಟರ್ ಕೆಲಸದವರು, ಅಂಗಡಿ ಬಾಗಿಲು ಹಾಕಿ ಬಂದವರು. ಯಾರೂ ಅವರನ್ನು ಹೊರಡಿಸಿರಲಿಲ್ಲ, ಕೂಲಿಯೂ ಇರಲಿಲ್ಲ. ನಾನಿದ್ದ ತಂಡವನ್ನು ನಡೆಸಿದ್ದು ಜೇನುಕುರುಬರ ಒಬ್ಬ ಹಿರಿಯ ವಾಚರ್. ಬೆಂಗಳೂರಿನ ಹುಡುಗನೊಬ್ಬ ಮಿರಮಿರ ಮಿಂಚುವ ಓಟದ ಅಂಗಿ ತೊಟ್ಟು ಬಂದಿದ್ದ. ಆ ಹಿರಿಯರು ಅವನ ತೋಳು ಮುಟ್ಟಿ ನೋಡಿ, "ಇದ ಬಿಚ್ಬುಡಿ ಸಾ, ಮೈಗೆ ಅಂಟ್ಕತ್ತದ" ಎಂದರು. ತಮ್ಮ ಹೆಗಲ ಮೇಲಿದ್ದ ಹತ್ತಿಯ ಟವೆಲು ನೆನೆಸಿ ಅವನ ಮುಖಕ್ಕೆ ಕಟ್ಟಿದರು. ಅವರ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು.

ಆ ವಾರ ಸುಟ್ಟ ಪ್ರಾಣಿಗಳ ಚಿತ್ರಗಳು ವಾಟ್ಸಾಪಿನಲ್ಲಿ ರಾಜ್ಯವೆಲ್ಲ ಓಡಾಡಿದವು. ಅವುಗಳಲ್ಲಿ ಎಷ್ಟೋ ಬೇರೆ ಕಾಡಿನವು, ಬೇರೆ ವರ್ಷದವು. ನಿಜವಾಗಿ ಸಾಯುವವು ಆಮೆ, ಹಾವು, ಮೊಲದ ಮರಿ, ನೆಲದ ಗೂಡಿನ ಮೊಟ್ಟೆ. ಆನೆ, ಹುಲಿ, ಕಾಟಿ ಸಾಮಾನ್ಯವಾಗಿ ಪಕ್ಕಕ್ಕೆ ಸರಿದು ಹೋಗುತ್ತವೆ.

ಜನ ಸ್ವಂತ ಇಷ್ಟದಿಂದ ಬಂದರು ಎಂಬುದೇ ಈ ಕಾಡಿನ ಚರಿತ್ರೆಯಲ್ಲಿ ಹೊಸದು. ನಮ್ಮ ದೇಶದಲ್ಲಿ ಕಾಡುಬೆಂಕಿ ತಡೆಯುವುದು ಸರ್ಕಾರಿ ಕೆಲಸವಾಗಿ ಆರಂಭವಾದದ್ದು 1860ರ ದಶಕದಲ್ಲಿ, ಮಧ್ಯಪ್ರಾಂತ್ಯದ ಬೋರಿ ಅರಣ್ಯದಲ್ಲಿ, ಕರ್ನಲ್ ಪಿಯರ್ಸನ್ ಎಂಬ ಅಧಿಕಾರಿಯ ಕೈಯಲ್ಲಿ. ರೈಲ್ವೆಗೂ ಕಟ್ಟಡಗಳಿಗೂ ಬೇಕಾದ ಮರ ಸುಟ್ಟುಹೋಗಬಾರದು ಎಂಬುದು ಆಗಿನ ಚಿಂತೆ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಬಂದದ್ದು 1864ರಲ್ಲಿ. 1900ರಲ್ಲಿ ಸಂಸ್ಥಾನಕ್ಕೆ ತನ್ನದೇ ಅರಣ್ಯ ಕಾನೂನು ಬಂತು. ಬ್ರಿಟಿಷ್ ಇಂಡಿಯಾದ ಕಾನೂನು ಹೇಗೆ ಯೋಚಿಸುತ್ತಿತ್ತು ಎಂಬುದಕ್ಕೆ 1927ರ ಕಾಯ್ದೆಯ 79ನೇ ಕಲಮನ್ನು ಓದಬೇಕು. ಮೀಸಲು ಅರಣ್ಯದಲ್ಲಿ ಸೌದೆ ತರುವ, ದನ ಮೇಯಿಸುವ ಹಕ್ಕೋ ಅನುಮತಿಯೋ ಇದ್ದವನು ಬೆಂಕಿ ಕಂಡರೆ ಅಧಿಕಾರಿ ಕರೆಯಲಿ ಬಿಡಲಿ ಆರಿಸಲು ಹೋಗಲೇಬೇಕು. ಹೋಗದಿದ್ದರೆ ಒಂದು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಡಂಚಿನ ರೈತನ ಕೈಗೆ ಹಸಿಸೊಪ್ಪು ಬಂದದ್ದು ಹೀಗೆ, ಶಿಕ್ಷೆಯ ಭಯದೊಂದಿಗೆ. ಕಾಡಿಗೆ ಬೆಂಕಿ ಇಡುವವನೂ ಅವನೇ ಇರಬೇಕು ಎಂಬ ಗುಮಾನಿಯೂ ಆ ಕಾನೂನುಗಳ ಉದ್ದಕ್ಕೂ ಇದೆ.

ಇತ್ತ ಬಂಡೀಪುರದಲ್ಲಿ 1931ರಲ್ಲಿ ಮಹಾರಾಜರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಧಾಮ ಮಾಡಿದರು. 1941ರಲ್ಲಿ ಅದು ದೊಡ್ಡದಾಗಿ, ಗೋಪಾಲಸ್ವಾಮಿ ಬೆಟ್ಟದ ಮೇಲಿನ ದೇವರ ಹೆಸರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎನಿಸಿತು. 1973ರಲ್ಲಿ ಹುಲಿ ಯೋಜನೆ ಬಂತು. ಕಾಡು ಉಳಿಯಿತು, ಹುಲಿ ಉಳಿಯಿತು. ಇದು ಸಣ್ಣ ಮಾತಲ್ಲ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಬೆಂಕಿಯ ಬಗ್ಗೆ ಬಲ್ಲವರ ಮಾತು ಆ ದಾರಿಯಲ್ಲೆಲ್ಲೋ ಹಿಂದೆ ಬಿತ್ತು.

ನಮ್ಮ ಜಿಲ್ಲೆಯದೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ. ಚಳಿ ಮುಗಿಯುತ್ತಿದ್ದಂತೆ, ನೆಲದಲ್ಲಿ ಇನ್ನೂ ತೇವ ಇರುವಾಗ, ಅವರು ತರಗು ಬೆಂಕಿ ಹಚ್ಚುತ್ತಿದ್ದರು. ಉದುರಿದ ಎಲೆ, ಸಣ್ಣ ಹುಲ್ಲು ಮಾತ್ರ ಮೆಲ್ಲಗೆ ಸುಟ್ಟು, ಮೊಣಕಾಲೆತ್ತರ ಏಳದೆ ಆರುವ ಬೆಂಕಿ. ಅದರಿಂದ ಉಣ್ಣೆ ಕಡಿಮೆಯಾಗುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿ ಮರ ಹಿಂಡುವ ಉಪ್ಪಿಲು ಎಂಬ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು ಎಂಬುದು ಹಿರಿಯರ ಅನುಭವ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಆ ಬೆಂಕಿ ನಿಂತಿತು. ಬೆಂಕಿ ನಿಂತ ಮೇಲೇ ಲಂಟಾನ ಹೀಗೆ ಏರಿತು ಎನ್ನುತ್ತಾರೆ ಅವರು. ಸಂಶೋಧಕರು ಈ ಮಾತನ್ನು ಬರೆದುಕೊಳ್ಳಲು ಬಹಳ ವರ್ಷ ಬೇಕಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಪಡೆದವರೂ ಈ ಸೋಲಿಗರೇ, ದೇಶದಲ್ಲಿ ಮೊದಲಿಗರಾಗಿ.

ಹಾಗೆಂದು ಈಗ ತರಗು ಬೆಂಕಿ ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಸೋಲಿಗರೂ ಹೇಳುವುದಿಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ತೋಟಕ್ಕೆ ಹೂವಿನ ಚಂದಕ್ಕಾಗಿ ತಂದ ಲಂಟಾನ ಇಂದು ನಮ್ಮ ಕಾಡುಗಳಲ್ಲಿ ಆಳೆತ್ತರದ ಮೆಳೆಯಾಗಿದೆ. ಒಣಗಿದಾಗ ಅದು ಎಣ್ಣೆ ಹಾಕಿದಂತೆ ಉರಿಯುತ್ತದೆ, ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುತ್ತದೆ. ಅದರ ಜತೆಗೆ ಹೂಬಿಟ್ಟು ಸತ್ತ ಬಿದಿರ ಹಿಂಡಲು, ಮಳೆ ಕೈಕೊಟ್ಟ ವರ್ಷ ಸೇರಿದರೆ ಯಾವ ಫೈರ್ ಲೈನೂ ತಡೆಯುವುದು ಕಷ್ಟ.

ಮನುಷ್ಯನ ಸಿಟ್ಟೂ ಸೇರುತ್ತದೆ. 1992ರಲ್ಲಿ ನಾಗರಹೊಳೆ ಉರಿದದ್ದು ಸಿಟ್ಟಿನಿಂದಲೇ. ನಮ್ಮ ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯ ಬೆಂಕಿ ತಾನಾಗಿ ಹುಟ್ಟುವುದಿಲ್ಲ, ಯಾರದೋ ಕೈಯಿಂದ ಹುಟ್ಟುತ್ತದೆ. ಅದರ ಬೆಲೆ ತೆರುವವರು ಬೇರೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕ ಮುರಿಗೆಪ್ಪ ಅದೇ ಬೆಂಕಿಯಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚಿನಲ್ಲಿ ನಾಗರಹೊಳೆಯ ನಿರ್ದೇಶಕ ಮಣಿಕಂಠನ್ ಬೆಂಕಿ ಬಿದ್ದ ಜಾಗ ನೋಡಲು ಡಿ.ಬಿ. ಕುಪ್ಪೆ ಕಡೆಗೆ ಹೋದಾಗ ಆನೆ ದಾಳಿಗೆ ಸಿಕ್ಕಿ ಪ್ರಾಣಬಿಟ್ಟರು. ಈ ಹೆಸರುಗಳನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಇನ್ನೂ ಗಟ್ಟಿಯಾಗಿ ಬರುವುದಿಲ್ಲ.

2019ರ ಬೆಂಕಿ ಆರಿದ ಮೇಲೆ ನಿಜವಾದ ಪ್ರಶ್ನೆ ಬಂತು: ಇಷ್ಟು ಜನ, ಇಷ್ಟು ಪ್ರೀತಿ, ಇದನ್ನು ಏನು ಮಾಡುವುದು? ಬಂದವರಲ್ಲಿ ಬಹಳ ಮಂದಿಗೆ ಸಸಿ ನೆಡುವ ಆಸೆ. ಬೀಜದುಂಡೆ ಮಾಡಿ ತಂದವರಿದ್ದರು. ಬೇಡ ಎನ್ನಬೇಕಾಯಿತು, ಅದು ಸುಲಭದ ಮಾತಾಗಿರಲಿಲ್ಲ. ಬಂಡೀಪುರಕ್ಕೆ ಹೊರಗಿನ ಸಸಿ ಬೇಕಿಲ್ಲ. ಗಡಿಯಾಚೆಯ ಮದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಒಂದೊಂದು ಮರವನ್ನೂ ಗುರುತು ಹಾಕಿ ನೋಡುತ್ತ ಬಂದಿದ್ದಾರೆ. ಬೆಂಕಿಗೆ ಸಾಯುವುದು ಹೆಚ್ಚಾಗಿ ಎಳೆ ಗಿಡಗಳು, ತೊಗಟೆ ದಪ್ಪಗಾದ ದೊಡ್ಡ ಮರಗಳು ಬಹುಪಾಲು ಉಳಿಯುತ್ತವೆ ಎಂದು ಅಲ್ಲಿ ಕಂಡಿದೆ. ಸತ್ತಂತೆ ಕಂಡ ಗಿಡ ಬೇರಿನಿಂದ ಮತ್ತೆ ಏಳುತ್ತದೆ. ಏಪ್ರಿಲಿನಲ್ಲಿ ಎರಡು ಮಳೆ ಬಿದ್ದರೆ ಕರಿ ನೆಲದ ಮೇಲೆ ಹುಲ್ಲು ಬರುತ್ತದೆ, ಅದರ ಹಿಂದೆ ಜಿಂಕೆ ಬರುತ್ತದೆ. ಒಳಗೆ ಹತ್ತಾರು ಜನ ಗುಂಡಿ ತೋಡುತ್ತ ಓಡಾಡಿದರೆ ಆಗುವುದು ತೊಂದರೆಯೇ. ಸುಟ್ಟು ನಿಂತ ಮರವನ್ನು ಕಡಿದು ಒಯ್ಯುವುದೂ ಬೇಡ, ಮರಕುಟಿಗಕ್ಕೆ ಅದು ಬೇಕು.

ಬೇಕಾದದ್ದು ಬೇರೆ ಕೆಲಸ. ಬೆಂಕಿ ಹಾದ ಮೇಲಿನ ತಿಂಗಳುಗಳು ಲಂಟಾನ ಕೀಳಲು ಒಳ್ಳೆಯ ಕಾಲ. ಮೆಳೆ ಸುಟ್ಟು ಬುಡ ಕಾಣುತ್ತಿರುತ್ತದೆ. ನೆಲಮಟ್ಟಕ್ಕೆ ಕತ್ತರಿಸಿದರೆ ಎರಡರಷ್ಟು ಚಿಗುರುತ್ತದೆ. ಮಣ್ಣಿನೊಳಗೆ ಬೇರಿನ ತಲೆಯ ಕೆಳಗೆ ಕಡಿದು, ಬುಡವನ್ನು ತಲೆಕೆಳಗು ಮಾಡಿ ಇಡಬೇಕು. ಬೆನ್ನು ಬಾಗಿಸುವ, ಕೈ ಕೊಯ್ಯುವ, ಮುಂದಿನ ವರ್ಷ ಮತ್ತೆ ಅದೇ ಜಾಗಕ್ಕೆ ಬರಬೇಕಾದ ಕೆಲಸ. ಬೀಜದಿಂದ ಎದ್ದ ಮರಿಗಳನ್ನು ಮಳೆಗಾಲದಲ್ಲಿ ಕಿತ್ತರೆ ಮಾತ್ರ ಫಲ. ಕಿತ್ತ ಲಂಟಾನದಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಮೇಜು ಮಾಡುತ್ತಾರೆ. ಇನ್ನು ಊಟಿ ರಸ್ತೆ, ವಯನಾಡು ರಸ್ತೆಯ ಎರಡೂ ಬದಿ. ಪ್ರವಾಸಿಗರು ಎಸೆದ ಪ್ಲಾಸ್ಟಿಕ್ಕು ಹೆಕ್ಕುವುದು, ಬೀಡಿ ಸಿಗರೇಟು ಹಚ್ಚಿ ನಿಂತವರನ್ನು ಕೈಮುಗಿದು ಕಳಿಸುವುದು. ಇದಕ್ಕೆ ಬರುವವರ ಸಂಖ್ಯೆ ಬೆಂಕಿಗೆ ಬಂದವರಷ್ಟಿಲ್ಲ, ಆದರೆ ಬಂದವರು ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಂಕಿಯ ಮೊದಲಿನ ತಿಂಗಳು. ಡಿಸೆಂಬರ್, ಜನವರಿಯಲ್ಲಿ ಹುಲ್ಲು ಹಣ್ಣಾಗುವ ಹೊತ್ತಿಗೆ ಫೈರ್ ಲೈನ್ ಕೊಯ್ದು, ಗುಡಿಸಿ, ಗಾಳಿ ಇಲ್ಲದ ಹೊತ್ತು ನೋಡಿ ಹದವಾಗಿ ಸುಡಬೇಕು. ಸುಡುವುದು ಇಲಾಖೆಯ ಕೆಲಸ, ವಾಚರ್‌ಗಳ ಕೆಲಸ. ಕೊಯ್ಯಲು, ಗುಡಿಸಲು ನಾವು ಕೈಜೋಡಿಸಬಹುದು, ಅದೂ ಅವರು ಹೇಳಿದ ಜಾಗದಲ್ಲಿ, ಹೇಳಿದಷ್ಟೇ. ನನ್ನ ಹಳೆಯ ವಿದ್ಯಾರ್ಥಿಗಳ ಸಣ್ಣ ಗುಂಪೊಂದಕ್ಕೆ ನಾನು ಮೊದಲೇ ಹೇಳಿದ್ದು ಇಷ್ಟೇ: ತಂಡದ ಮುಂದೆ ನಡೆಯುವವನು ವಾಚರ್, ಪದವಿ ಪಡೆದವರೆಲ್ಲ ಅವನ ಹಿಂದೆ.

ಸಸಿಗೆಂದು ಜನ ಕೊಡಲು ಬಂದ ಹಣವನ್ನು ಆಗ ನಾವು ಅವರನ್ನೇ ಕೇಳಿ ವಾಚರ್‌ಗಳ ಬೂಟಿಗೆ ತಿರುಗಿಸಿದೆವು. ದಪ್ಪ ಅಡಿಯ ಚರ್ಮದ ಬೂಟು, ಹತ್ತಿಯ ದಪ್ಪ ಅಂಗಿ, ಐದು ಲೀಟರಿನ ನೀರಿನ ಕ್ಯಾನು. ಅಂದಿನಿಂದ ಪ್ರತಿ ಸಂಕ್ರಾಂತಿಗೂ ಮುಂಚೆ ಇದು ನಡೆಯುತ್ತಿದೆ. ಈ ಸಲ ಮಗುವಿನಹಳ್ಳಿ ಕಡೆಯಿಂದ ಹೊಸ ಹುಡುಗರು ವಾಚರ್ ಕೆಲಸಕ್ಕೆ ಸೇರಿದ್ದಾರೆ. ಭಾನುವಾರ ಹೋಗಿ ಅವರ ಕಾಲಿನ ಅಳತೆ ಬರೆದುಕೊಂಡು ಬರಬೇಕು.