ದಯೆಯಿಂದ ಹಕ್ಕಿನ ಕಡೆಗೆ



ಬೀದರಿನ ಮೈಲೂರಾಗಲಿ, ಭಾಲ್ಕಿ, ಔರಾದಗಳ ಹಳ್ಳಿಗಳಾಗಲಿ, ವಿಕಲಚೇತನರ ಆರೈಕೆ ಬಹುಕಾಲ ಮನೆಯವರ ಹೊಣೆಯಾಗಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಅಂಗವೈಕಲ್ಯ ಉಂಟಾದಾಗ ಸರ್ಕಾರ ನೆರವಾಗಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ. ಅದನ್ನೇ ಆಧರಿಸಿ ನ್ಯಾಯಾಲಯದಲ್ಲಿ ಕೇಳಿ ಪಡೆಯುವಂತಿಲ್ಲ.

ಈ ಕೊರತೆಯನ್ನು ತುಂಬಲು ಬಂದದ್ದು 1995ರ ಅಂಗವಿಕಲರ ಕಾಯ್ದೆ. ಅದು 7 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಅದರ ಬದಲಿಗೆ ಬಂದ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿ, ಚಿಕಿತ್ಸೆ ಮನೆಯ ಹತ್ತಿರವೇ, ವಿಶೇಷವಾಗಿ ಗ್ರಾಮಾಂತರದಲ್ಲಿ, ಉಚಿತವಾಗಿ ದೊರೆಯಬೇಕೆಂದಿತು. ಆದಾಯದ ಮಿತಿಯನ್ನು ಸರ್ಕಾರ ನಿಗದಿಪಡಿಸಬಹುದು.

2007ರಲ್ಲಿ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. ಆದರೆ ಸೌಲಭ್ಯ ಪಡೆಯಲು ವೈಕಲ್ಯದ ಪ್ರಮಾಣಪತ್ರ ಬೇಕು. ಅದಕ್ಕೆ ವೈದ್ಯರ ತಪಾಸಣೆಯಾಗಬೇಕು. ಔರಾದಿನ ಗಡಿಹಳ್ಳಿಯಲ್ಲಿ ನಡೆಯಲಾಗದವರಿಗೆ ಆಸ್ಪತ್ರೆಯ ದಾರಿಯೇ ಮೊದಲ ಅಡ್ಡಿ. ಆದ್ದರಿಂದಲೇ ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರ ಕೆಲಸಕ್ಕೆ ಬೆಲೆ.

ಕಾಯ್ದೆ ಹಕ್ಕನ್ನು ಬರೆದಿಟ್ಟಿದೆ. ಅದನ್ನು ಮನೆಬಾಗಿಲಿಗೆ ತಲುಪಿಸುವ ಅಧ್ಯಾಯ ಇನ್ನೂ ಮುಗಿದಿಲ್ಲ.