ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟರೆ ಸಾಕೇ? ಕಾರಿನ ಬ್ಯಾಟರಿ ಚಾರ್ಜರ್, ಜಂಪ್ ಸ್ಟಾರ್ಟ್ ಬಗ್ಗೆ ತಿಳಿಯಬೇಕಾದ ಸತ್ಯಾಂಶ

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದ ಮೇಲೆ ಬೆಂಗಳೂರಿನಲ್ಲಿ ವಾರಗಟ್ಟಲೆ ನಿಂತ ಕಾರುಗಳ ಬ್ಯಾಟರಿ ಡೌನ್ ಆಗುವುದು ಸಾಮಾನ್ಯವಾಯಿತು. ಈಗಲೂ ಅಷ್ಟೇ. ಕುಮಾರಸ್ವಾಮಿ ಲೇಔಟ್‌ನಂಥ ಬಡಾವಣೆಯಲ್ಲಿ ಓಡಾಟವೆಲ್ಲ ಸ್ಕೂಟರ್ ಮತ್ತು ಮೆಟ್ರೋದಲ್ಲಿ ನಡೆಯುತ್ತದೆ, ಕಾರು ಮನೆ ಮುಂದೆ ಕವರ್ ಹೊದ್ದು ಮಲಗಿರುತ್ತದೆ. ಊರಿಗೆ ಹೊರಡುವ ದಿನ ಕೀ ತಿರುಗಿಸಿದರೆ 'ಟಕ್ ಟಕ್' ಸದ್ದು ಮಾತ್ರ. ಆಗ ನೆನಪಾಗುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದ್ದ ಸಲಹೆಗಳು. ಅಂಥ ಐದು ಸಲಹೆಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

ಹೇಳಿಕೆ 1: ಕೆಂಪು ಕೇಬಲ್ ಪ್ಲಸ್‌ಗೆ, ಕಪ್ಪು ಕೇಬಲ್ ಮೈನಸ್‌ಗೆ, ಅಷ್ಟೇ

ಇದು ಅರ್ಧ ಸತ್ಯ. ಬಣ್ಣ ಸರಿಯಾಗಿದ್ದರೂ ಕೊನೆಯ ಕ್ಲಿಪ್ ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಲೆಡ್-ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 4 ಮುಟ್ಟಿದರೆ ಒಂದು ಕಿಡಿಯಿಂದಲೇ ಹೊತ್ತಿಕೊಳ್ಳಬಲ್ಲದು. ಕೇಬಲ್‌ನ ಕೊನೆಯ ಕ್ಲಿಪ್ ತಾಗಿಸಿದಾಗ ಸಣ್ಣ ಕಿಡಿ ಹಾರುವುದು ಸಹಜ. ಆ ಕಿಡಿ ಬ್ಯಾಟರಿಯ ನೆತ್ತಿಯ ಮೇಲೆ ಹಾರಿದರೆ ಬ್ಯಾಟರಿ ಸಿಡಿದು, ಆ್ಯಸಿಡ್ ಮುಖಕ್ಕೆ, ಕಣ್ಣಿಗೆ ಚಿಮ್ಮಬಹುದು. 'ಮೇಂಟೆನೆನ್ಸ್ ಫ್ರೀ' ಬ್ಯಾಟರಿಯಲ್ಲೂ ಅನಿಲ ಹೊರಹೋಗುವ ಕಿಂಡಿ ಇರುತ್ತದೆ.

ಸರಿಯಾದ ಕ್ರಮ ಹೀಗಿದೆ:

1. ಎರಡೂ ಕಾರು ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಎರಡನ್ನೂ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ.
2. ಕೆಂಪು ಕ್ಲಿಪ್: ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕ್ಲಿಪ್: ಒಳ್ಳೆಯ ಬ್ಯಾಟರಿಯ ಮೈನಸ್‌ಗೆ.
4. ಕೊನೆಯ ಕಪ್ಪು ಕ್ಲಿಪ್: ಡೌನ್ ಆದ ಕಾರಿನ ಎಂಜಿನ್‌ನಲ್ಲಿ ಪೇಂಟ್ ಇಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ.
5. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ, ಕೆಲವು ನಿಮಿಷ ಬಿಟ್ಟು ಇನ್ನೊಂದನ್ನು ಸ್ಟಾರ್ಟ್ ಮಾಡಿ. ತೆಗೆಯುವಾಗ ಇದೇ ಕ್ರಮ ಉಲ್ಟಾ.

ಕೆಲವು ಕಾರುಗಳಲ್ಲಿ ಇದಕ್ಕೆಂದೇ ಬೇರೆ ಜಾಗ ಕೊಟ್ಟಿರುತ್ತಾರೆ. ನಿಮ್ಮ ಕಾರಿನ ಮ್ಯಾನುಯಲ್ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ಹೇಳಿಕೆ 2: ಬರೀ 12 ವೋಲ್ಟ್, ಏನೂ ಆಗಲ್ಲ

ತಪ್ಪು ಗ್ರಹಿಕೆ. ಒಣ ಕೈಯಲ್ಲಿ ಮುಟ್ಟಿದರೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸೆಲ್ಫ್ ಹೊಡೆಯುವಾಗ ಇದೇ ಬ್ಯಾಟರಿ ನೂರಾರು ಆಂಪಿಯರ್ ಕರೆಂಟ್ ಕೊಡುತ್ತದೆ. ಸ್ಪ್ಯಾನರ್, ಉಂಗುರ, ಬಳೆ ಅಥವಾ ಸ್ಟೀಲ್ ವಾಚ್ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿಕೊಂಡರೆ ಕ್ಷಣದಲ್ಲಿ ಕೆಂಡದಂತೆ ಕಾಯುತ್ತದೆ. ಮೊದಲು ಇವನ್ನೆಲ್ಲ ಬಿಚ್ಚಿಡಿ, ಕಣ್ಣಿಗೆ ಕನ್ನಡಕ ಹಾಕಿ. ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ, ಅದರಿಂದ ಕಾರಿಗೆ ಕನೆಕ್ಷನ್ ಕೊಡಲೇಬೇಡಿ.

ಹೇಳಿಕೆ 3: ಸ್ಟಾರ್ಟ್ ಆದ ಮೇಲೆ ಐದು ನಿಮಿಷ ನಿಂತಲ್ಲೇ ಓಡಿಸಿದರೆ ಫುಲ್ ಚಾರ್ಜ್

ಸುಳ್ಳು. ಪೂರ್ತಿ ಡೌನ್ ಆದ ಬ್ಯಾಟರಿ ತುಂಬಲು ಗಂಟೆಗಳೇ ಬೇಕು, ನಿಂತಲ್ಲೇ ಓಡುವ ಎಂಜಿನ್ ಕೊಡುವ ಚಾರ್ಜ್ ತೀರಾ ಕಡಿಮೆ. ಇದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಅಥವಾ ಶಟರ್ ಎಳೆದ ಗ್ಯಾರೇಜ್‌ನಲ್ಲಿ ಎಂಜಿನ್ ಓಡಿಸುತ್ತ ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ತಲೆಸುತ್ತು ಬರುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿ ಹೋಗಿರಬಹುದು. ಮಕ್ಕಳನ್ನು ಒಳಗೆ ಕೂರಿಸಿ ಕಾರನ್ನು ಹಾಗೆ ಬಿಡಲೇಬೇಡಿ.

ಹೇಳಿಕೆ 4: ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡಿ, ಆಲ್ಟರ್ನೇಟರ್ ಸರಿಯಿದೆಯೇ ಗೊತ್ತಾಗುತ್ತೆ

ಹಳೆಯ ಕಾರುಗಳ ಕಾಲದ ಉಪಾಯ, ಇಂದು ದುಬಾರಿ ತಪ್ಪು. ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಜಿಗಿದು ಎಂಜಿನ್ ಕಂಟ್ರೋಲ್ ಯೂನಿಟ್‌ನಂಥ ಎಲೆಕ್ಟ್ರಾನಿಕ್ ಭಾಗಗಳು ಸುಡಬಹುದು. ಬದಲಿಗೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ಇದ್ದರೆ ಬ್ಯಾಟರಿ ಫುಲ್, 12ಕ್ಕಿಂತ ಕಡಿಮೆ ಇದ್ದರೆ ಖಾಲಿ ಎಂದು ತಿಳಿಯಿರಿ.

ಹೇಳಿಕೆ 5: ಇಳಿಜಾರಿನಲ್ಲಿ ತಳ್ಳಿದರೆ ಯಾವ ಕಾರಾದರೂ ಸ್ಟಾರ್ಟ್ ಆಗುತ್ತೆ

ಶಾವಿಗೆ ಮಲ್ಲೇಶ್ವರ ಬೆಟ್ಟದ ಸುತ್ತಲಿನ ನಮ್ಮ ರಸ್ತೆಗಳಲ್ಲಿ ಇಳಿಜಾರಿಗೇನೂ ಬರವಿಲ್ಲ. ಆದರೆ ಈ ಉಪಾಯ ಮ್ಯಾನುಯಲ್ ಗೇರ್ ಕಾರಿಗೆ ಮಾತ್ರ, ಆಟೊಮ್ಯಾಟಿಕ್‌ಗೆ ಅಲ್ಲ. ಎಂಜಿನ್ ಆಫ್ ಇದ್ದಾಗ ಪವರ್ ಸ್ಟೀರಿಂಗ್ ಸಿಗುವುದಿಲ್ಲ, ಬ್ರೇಕ್ ಎರಡು ಮೂರು ಬಾರಿ ಒತ್ತಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಜನ ಓಡಾಡುವ ಇಳಿಜಾರಿನಲ್ಲಿ ಈ ಸಾಹಸ ಬೇಡ.

ಚಾರ್ಜರ್, ಎಂಜಿನ್ ಸ್ಟಾರ್ಟರ್ ಬಳಸುವವರು ಗಮನಿಸಿ

* ಮೊದಲು ಕ್ಲಿಪ್ ಹಾಕಿ, ಆಮೇಲೆ ಚಾರ್ಜರ್ ಸ್ವಿಚ್ ಆನ್ ಮಾಡಿ. ತೆಗೆಯುವಾಗ ಮೊದಲು ಸ್ವಿಚ್ ಆಫ್.
* ಚಾರ್ಜ್ ಮಾಡಲು ಬ್ಯಾಟರಿ ಸಾಮರ್ಥ್ಯದ ಸುಮಾರು ಹತ್ತನೇ ಒಂದು ಭಾಗ ಕರೆಂಟ್ ಸಾಕು. 45 ಆಂಪಿಯರ್-ಅವರ್ ಬ್ಯಾಟರಿಗೆ 4.5 ಆಂಪಿಯರ್.
* 'ಸ್ಟಾರ್ಟ್' ಅಥವಾ 'ಬೂಸ್ಟ್' ಮೋಡ್ ಇರುವುದು ಸೆಲ್ಫ್ ಹೊಡೆಯುವ ಕೆಲವು ಸೆಕೆಂಡಿಗೆ ಮಾತ್ರ. ಅದರಲ್ಲೇ ಚಾರ್ಜ್‌ಗೆ ಬಿಟ್ಟರೆ ಬ್ಯಾಟರಿ ಕುದಿಯುತ್ತದೆ.
* ಗಾಳಿಯಾಡುವ ಜಾಗದಲ್ಲೇ ಚಾರ್ಜ್ ಮಾಡಿ. ಹತ್ತಿರ ಬೀಡಿ, ಸಿಗರೇಟು, ದೀಪ ಬೇಡ. ಮಳೆಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆಯಬೇಡಿ, ಇಲ್ಲಿ ಶಾಕ್ ಹೊಡೆಯುವುದು 230 ವೋಲ್ಟ್.
* ಪೋರ್ಟಬಲ್ ಸ್ಟಾರ್ಟರ್‌ನಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಉಬ್ಬಿದ್ದರೆ ಬಳಸಬೇಡಿ.
* ಕಾರಿನ ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಚಾರ್ಜ್ ಮಾಡಬೇಡಿ, ಮೆಕ್ಯಾನಿಕ್ ಕರೆಸಿ.

ಆ್ಯಸಿಡ್ ಕಣ್ಣಿಗೆ ಬಿದ್ದರೆ?

ಉಜ್ಜಬೇಡಿ. ಕಣ್ಣಿಗೆ ಸೋಡಾ, ಹಾಲು ಏನೂ ಹಾಕಬೇಡಿ. ತಕ್ಷಣ ನಲ್ಲಿ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆದು, ಕಣ್ಣಿನ ಆಸ್ಪತ್ರೆಗೆ ಹೋಗಿ. ಮೊದಲ ಕೆಲವು ನಿಮಿಷದ ನೀರೇ ದೃಷ್ಟಿ ಉಳಿಸಬಹುದು.

ನಮ್ಮ ನಿರ್ಣಯ

'ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್' ಎಂಬ ಸಲಹೆ ಅಪೂರ್ಣ. ಕೊನೆಯ ಕಪ್ಪು ಕ್ಲಿಪ್ ಬ್ಯಾಟರಿಗಲ್ಲ, ಎಂಜಿನ್‌ನ ಲೋಹಕ್ಕೆ. ಇಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಈ ಒಂದು ಸಾಲನ್ನಾದರೂ ಸೇರಿಸಿ ಕಳುಹಿಸಿ.