ಮಿಸ್ವಾಕ್‌ನ ಚರಿತ್ರೆ ಮತ್ತು ನಮ್ಮ ವಸಡುಗಳು

ಅದು ಹಿಜರಿ 11ನೇ ವರ್ಷ, ಅಂದರೆ ಕ್ರಿ.ಶ. 632. ಮದೀನಾದಲ್ಲಿ ಹಝ್ರತ್ ಆಯಿಶಾ(ರ)ರ ಪುಟ್ಟ ಕೋಣೆಯಲ್ಲಿ ಪ್ರವಾದಿ ಮುಹಮ್ಮದ್(ಸ)ರು ತಮ್ಮ ಬದುಕಿನ ಅಂತಿಮ ಗಳಿಗೆಯಲ್ಲಿದ್ದರು. ಆಗ ಆಯಿಶಾ(ರ)ರ ಸಹೋದರ ಅಬ್ದುರ್ರಹ್ಮಾನ್(ರ) ಮಿಸ್ವಾಕ್ ಹಿಡಿದು ಒಳಬಂದರು. ಪ್ರವಾದಿವರ್ಯರ(ಸ) ದೃಷ್ಟಿ ಆ ಕಡ್ಡಿಯ ಮೇಲೆ ನೆಟ್ಟಿತು. ಅವರ ಇಂಗಿತವನ್ನು ಅರಿತ ಆಯಿಶಾ(ರ) ಅದನ್ನು ಪಡೆದು, ಅಗಿದು ಮೆತ್ತಗಾಗಿಸಿ ಅವರಿಗೆ ಕೊಟ್ಟರು. ಅವರು ಅದರಿಂದ ಚೆನ್ನಾಗಿ ಹಲ್ಲುಜ್ಜಿಕೊಂಡರು. ಸಹೀಹ್ ಬುಖಾರಿಯಲ್ಲಿ ದಾಖಲಾಗಿರುವ ಘಟನೆಯಿದು. ಲೋಕದಿಂದ ನಿರ್ಗಮಿಸುವ ಹೊತ್ತಿನಲ್ಲೂ ಅವರು ಕೈಬಿಡದ ಅಭ್ಯಾಸವನ್ನು ನಾವು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ?

ಬೂವನಹಳ್ಳಿಯಂತಹ ಹಾಸನದ ಆಸುಪಾಸಿನ ಊರುಗಳಲ್ಲಿ ಹಜ್ಜ್ ಅಥವಾ ಉಮ್ರಾ ಮುಗಿಸಿ ಮರಳಿದವರು ಝಮ್‌ಝಮ್ ನೀರು, ಖರ್ಜೂರಗಳ ಜೊತೆಗೆ ಮಿಸ್ವಾಕ್ ಕಡ್ಡಿಗಳನ್ನೂ ಬಂಧುಬಳಗಕ್ಕೆ ಹಂಚುವುದುಂಟು. ಎಷ್ಟೋ ಮನೆಗಳಲ್ಲಿ ಆ ಕಡ್ಡಿ ಕಪಾಟಿನಲ್ಲೇ ಒಣಗುತ್ತದೆ. ಅದೇ ಮನೆಯಲ್ಲಿ ಐವತ್ತು ದಾಟಿದವರ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಉದುರುತ್ತವೆ. ವಯಸ್ಸಾಯಿತು, ಹಲ್ಲು ಬೀಳುವುದು ಸಹಜವೆಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಸಮಾಧಾನ ಸರಿಯಲ್ಲ. ಹಾಗೆ ಉದುರುವ ಹಲ್ಲುಗಳಲ್ಲಿ ಬಹುಪಾಲು ವಯಸ್ಸಿನ ಕಾರಣಕ್ಕಲ್ಲ, ವಸಡಿನ ರೋಗದಿಂದ ಬೀಳುತ್ತವೆ. ಆ ರೋಗ ತಡೆಯಬಹುದಾದದ್ದು. ಇತಿಹಾಸ ಇದಕ್ಕೆ ಸಾಕ್ಷಿಯಾಗಿದೆ.

ಹಲ್ಲುಜ್ಜುವ ಕಡ್ಡಿ ಇಸ್ಲಾಮಿಗಿಂತ ಹಳೆಯದು. ನಮ್ಮ ನಾಡಿನ ಚರಕ ಸಂಹಿತೆಯು ದಿನಕ್ಕೆರಡು ಬಾರಿ, ತುದಿ ಜಜ್ಜಿದ ಕಡ್ಡಿಯಿಂದ, ವಸಡಿಗೆ ನೋವಾಗದಂತೆ ಹಲ್ಲು ತಿಕ್ಕಬೇಕೆಂದು ಹೇಳುತ್ತದೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹೊಂಗೆಯೂ ಅದು ಹೆಸರಿಸುವ ಮರಗಳಲ್ಲಿ ಒಂದು. ಅರಬರು ಬಳಸುತ್ತಿದ್ದುದು ‘ಅರಾಕ್’ ಮರದ ಬೇರನ್ನು. ಉತ್ತರ ಭಾರತದಲ್ಲಿ ಇದನ್ನೇ ಪೀಲು ಎನ್ನುತ್ತಾರೆ.

ಹೀಗಿರುವಾಗ ಪ್ರವಾದಿವರ್ಯರು(ಸ) ತಂದ ಬದಲಾವಣೆ ಯಾವುದು? ಅವರು ಶುಚಿತ್ವವನ್ನು ಆರಾಧನೆಯ ಸಮಯಕ್ಕೆ ಜೋಡಿಸಿದರು. ಸಮುದಾಯಕ್ಕೆ ಕಷ್ಟವಾಗದಿರುತ್ತಿದ್ದರೆ ಪ್ರತಿಯೊಂದು ನಮಾಝ್‌ನ ವೇಳೆಗೂ ಮಿಸ್ವಾಕ್ ಮಾಡಬೇಕೆಂದು ಆಜ್ಞಾಪಿಸುತ್ತಿದ್ದೆನೆಂಬ ಅವರ ಮಾತು ಪ್ರಸಿದ್ಧವಾಗಿದೆ. ರಾತ್ರಿ ಎದ್ದೊಡನೆ ಅವರು ಬಾಯಿ ಶುಚಿಗೊಳಿಸುತ್ತಿದ್ದರು. ಮನೆಗೆ ಬಂದಾಗ ಮೊದಲು ಮಾಡುತ್ತಿದ್ದ ಕೆಲಸವೂ ಅದೇ. ಸಹಾಬಿ ಝೈದ್ ಬಿನ್ ಖಾಲಿದ್ ಅಲ್ ಜುಹನೀ(ರ) ಲಿಪಿಕಾರರು ಲೇಖನಿ ಸಿಕ್ಕಿಸಿಕೊಳ್ಳುವಂತೆ ಮಿಸ್ವಾಕನ್ನು ಕಿವಿಯ ಮೇಲಿಟ್ಟುಕೊಂಡೇ ಮಸೀದಿಗೆ ಬರುತ್ತಿದ್ದರು. ಮನಸ್ಸು ಬಂದಾಗ ಮಾಡುವ ಕೆಲಸವು ಹೀಗೆ ತಪ್ಪದ ನಿತ್ಯಕರ್ಮವಾಯಿತು.

ಮುಂದೆ ಮುಸ್ಲಿಮ್ ವೈದ್ಯರು ಇದೇ ಕಾಳಜಿಯನ್ನು ವಿಜ್ಞಾನವಾಗಿ ಬೆಳೆಸಿದರು. ಸ್ಪೇನಿನ ಕೊರ್ಡೋಬಾದ ಬಳಿ ಬಾಳಿ, 1013ರ ಸುಮಾರಿಗೆ ನಿಧನರಾದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ‘ಅತ್ತಸ್ರೀಫ್’ ಎಂಬ 30 ಭಾಗಗಳ ವೈದ್ಯಗ್ರಂಥವನ್ನು ರಚಿಸಿದರು. ಹಲ್ಲಿನ ಬುಡದಲ್ಲಿ ಒರಟಾದ ಕಿಟ್ಟ ಕಟ್ಟುತ್ತದೆ, ಅದರಿಂದ ವಸಡು ಕೆಡುತ್ತದೆ ಎಂದು ಅವರು ಅದರಲ್ಲಿ ವಿವರಿಸಿದ್ದಾರೆ. ಆ ಕಿಟ್ಟವನ್ನು ಕೆರೆದು ತೆಗೆಯುವ ಹತ್ತಾರು ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾರೆ. ಒಂದು ದಿನದಲ್ಲಿ ಮುಗಿಯದಿದ್ದರೆ ಮರುದಿನ ಮತ್ತೆ ಕೆರೆಯಬೇಕೆಂಬುದು ಅವರ ಸೂಚನೆ. 12ನೇ ಶತಮಾನದಲ್ಲಿ ಈ ಗ್ರಂಥದ ಶಸ್ತ್ರಚಿಕಿತ್ಸಾ ಭಾಗ ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯುರೋಪನ್ನು ತಲುಪಿತು. ಇಂದು ದಂತವೈದ್ಯರು ಮಾಡುವ ‘ಸ್ಕೇಲಿಂಗ್’ ಇದೇ ಕೆಲಸ.

ಆ ಕಿಟ್ಟ ಎಲ್ಲಿಂದ ಬರುತ್ತದೆ? 1683ರಲ್ಲಿ ಹಾಲೆಂಡಿನ ಲೀವೆನ್‌ಹುಕ್ ತಮ್ಮ ಹಲ್ಲಿನಿಂದ ಕೆರೆದ ಬಿಳಿಯ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರೊಳಗೆ ಚಲಿಸುವ ಅಸಂಖ್ಯ ಜೀವಿಗಳನ್ನು ಕಂಡರು. ಆ ಲೇಪಕ್ಕೂ ವಸಡಿನ ರೋಗಕ್ಕೂ ಇರುವ ಸಂಬಂಧವನ್ನು 1965ರಲ್ಲಿ ಡೆನ್ಮಾರ್ಕಿನ ಒಂದು ಪ್ರಯೋಗ ನಿಸ್ಸಂದಿಗ್ಧವಾಗಿ ತೋರಿಸಿತು. ಆರೋಗ್ಯವಂತ ವಸಡುಗಳಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಎರಡು ಮೂರು ವಾರಗಳೊಳಗೆ ಎಲ್ಲರ ವಸಡುಗಳೂ ಉರಿಯೂತಕ್ಕೆ ತುತ್ತಾದವು. ಶುಚಿಗೊಳಿಸುವುದನ್ನು ಮತ್ತೆ ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ಅವು ಮೊದಲಿನಂತಾದವು.

ಈ ಪ್ರಯೋಗದ ಪಾಠವನ್ನು ಪ್ರತಿ ಮನೆಯೂ ನೆನಪಿಡಬೇಕು. ಹಲ್ಲುಜ್ಜುವಾಗ ರಕ್ತ ಕಂಡರೆ ನಮ್ಮಲ್ಲಿ ಅನೇಕರು ಉಜ್ಜುವುದನ್ನೇ ಬಿಟ್ಟುಬಿಡುತ್ತಾರೆ. ಇದು ರೋಗವನ್ನು ಬೆಳೆಸುತ್ತದೆ. ರಕ್ತವು ಲೇಪ ಕುಳಿತಿರುವುದರ ಎಚ್ಚರಿಕೆ. ಆಗ ಮೃದುವಾಗಿ, ಆದರೆ ತಪ್ಪದೆ ಶುಚಿಗೊಳಿಸಬೇಕು. ಈ ಹಂತದಲ್ಲಿ ವಸಡು ಪೂರ್ಣವಾಗಿ ಗುಣವಾಗುತ್ತದೆ. ನಿರ್ಲಕ್ಷಿಸಿದರೆ ಲೇಪ ಗಟ್ಟಿಯಾಗಿ ಕಿಟ್ಟವಾಗುತ್ತದೆ, ರೋಗ ಒಳಗಿಳಿದು ಹಲ್ಲನ್ನು ಹಿಡಿದಿರುವ ಮೂಳೆಯನ್ನು ಕರಗಿಸುತ್ತದೆ. ಕರಗಿದ ಮೂಳೆ ತಾನಾಗಿ ಮರಳುವುದಿಲ್ಲ. ಮಧುಮೇಹವಿರುವವರಲ್ಲಿ ಈ ರೋಗ ತೀವ್ರವಾಗುತ್ತದೆ. ವಸಡಿನ ಸೋಂಕು ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದನ್ನೂ ಕಷ್ಟವಾಗಿಸುತ್ತದೆ.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪು ಬೆಳೆಯುವ ಸೀಮೆ. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವುದು, ಹಲ್ಲುನೋವಿಗೆಂದು ಕಡ್ಡಿಪುಡಿಯನ್ನು ವಸಡಿಗೆ ಒತ್ತಿಕೊಳ್ಳುವುದು ಹಳೆಯ ರೂಢಿಗಳು. ಹೊಗೆಸೊಪ್ಪು ಕ್ಷಣಕಾಲ ನೋವು ಮರೆಸಬಹುದು, ಆದರೆ ಅದು ವಸಡನ್ನು ಹಲ್ಲಿನಿಂದ ಕೆಳಗೆ ಸರಿಸುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿಯಾಗುತ್ತದೆ. ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲಿನ ಹೊರಪದರವನ್ನೇ ಸವೆಸುತ್ತವೆ. ಪ್ರವಾದಿವರ್ಯರು(ಸ) ಬಾಯಿಯ ಶುದ್ಧಿಯನ್ನು ಅಲ್ಲಾಹನ ಸಂತೃಪ್ತಿಯೊಂದಿಗೆ ಜೋಡಿಸಿ ಹೇಳಿದ್ದಾರೆ. ಅದೇ ಬಾಯಿಯಲ್ಲಿ ಹೊಗೆಸೊಪ್ಪಿಟ್ಟುಕೊಂಡು ಕುರ್‌ಆನ್ ಪಾರಾಯಣಕ್ಕೆ ಕೂರುವುದು ಹೇಗೆ?

ಮಿಸ್ವಾಕ್ ಸಿಗದಿದ್ದರೆ ಸುನ್ನತ್ ತಪ್ಪಿತೆಂದು ಕೊರಗಬೇಕಾಗಿಲ್ಲ. 1277ರಲ್ಲಿ ನಿಧನರಾದ ಇಮಾಮ್ ನವವಿಯವರು, ಬಾಯಿಯ ಕೊಳೆಯನ್ನು ನೀಗಿಸುವ ಒರಟು ಬಟ್ಟೆಯಂತಹ ವಸ್ತುವಿನಿಂದಲೂ ಉದ್ದೇಶ ಈಡೇರುತ್ತದೆಂದು ವಿವರಿಸಿದ್ದಾರೆ. ಆದ್ದರಿಂದ ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಮೃದುವಾದ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟಿನಿಂದ ಎರಡು ನಿಮಿಷ ಉಜ್ಜೋಣ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿಯೋಣ. ಹಲ್ಲುಗಳ ಸಂದುಗಳನ್ನು ದಾರದಿಂದಲೋ ಸಣ್ಣ ಬ್ರಷ್ಷಿನಿಂದಲೋ ಶುಚಿಗೊಳಿಸೋಣ. ವುಝೂ ವೇಳೆ ಮಿಸ್ವಾಕ್ ಮಾಡೋಣ. ಅದರ ತುದಿ ಒರಟಾದೊಡನೆ ಕತ್ತರಿಸಿ ಹೊಸ ಎಳೆ ಬಿಡಿಸೋಣ. ರಕ್ತಸ್ರಾವ ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣೋಣ.

ಕಪಾಟಿನಲ್ಲಿ ಒಣಗುತ್ತಿರುವ ಆ ಕಡ್ಡಿಯನ್ನು ಇಂದೇ ನೀರಿನಲ್ಲಿ ನೆನೆಯಿಡಿ. ಮಕ್ಕಳೆದುರು ಬಳಸಿ, ಅದರ ಚರಿತ್ರೆಯನ್ನು ಅವರಿಗೆ ಹೇಳಿ. ಅಲ್ಲಾಹನು ನಮ್ಮ ದೇಹವನ್ನೂ ಮನಸ್ಸನ್ನೂ ಶುದ್ಧವಾಗಿಡಲಿ. ಆಮೀನ್.